ದೀರ್ಘ ವಿದೇಶ ಪ್ರವಾಸದಲ್ಲಿ ಮಕ್ಕಳು ಕಲಿಯುವುದೇನು?

ಪ್ರಶ್ನೆ: ಆರು ತಿಂಗಳ ಕಾಲ ಮಕ್ಕಳನ್ನು ಕರೆದುಕೊಂಡು ಕೆಲವು ದೇಶಗಳನ್ನು ಸುತ್ತಿ ಬರಬೇಕೆಂದಿದ್ದೇವೆ. ಮಗಳಿಗೆ 12 ವರ್ಷ, ಮಗನಿಗೆ 7. ಪ್ರವಾಸಕ್ಕಿಂತ ದೊಡ್ಡ ಶಾಲೆ ಇಲ್ಲವೆಂದು ಕೆಲವರು ಹುರಿದುಂಬಿಸುತ್ತಾರೆ, ಓದು ಹಾಳಾಗುತ್ತದೆಂದು ಇನ್ನು ಕೆಲವರು ಎಚ್ಚರಿಸುತ್ತಾರೆ. ಮಕ್ಕಳು ನಿಜಕ್ಕೂ ಏನು ಕಲಿಯುತ್ತಾರೆ?

ಉತ್ತರ: ಖಂಡಿತವಾಗಿ ಕಲಿಯುತ್ತಾರೆ. ಆದರೆ ಎಷ್ಟು ಊರು ನೋಡಿದರು ಎನ್ನುವುದಕ್ಕಿಂತ, ಪ್ರಯಾಣದ ದಿನನಿತ್ಯದ ಕೆಲಸದಲ್ಲಿ ಅವರಿಗೆ ಎಷ್ಟು ಪಾಲು ಸಿಕ್ಕಿತು ಎಂಬುದರ ಮೇಲೆಯೇ ಆ ಕಲಿಕೆ ನಿಂತಿರುತ್ತದೆ. ತಂದೆತಾಯಿ ಎಲ್ಲವನ್ನೂ ಗೊತ್ತುಮಾಡಿ, ಮಕ್ಕಳನ್ನು ಸಾಮಾನಿನ ಜೊತೆಗೆ ಸಾಗಿಸಿಕೊಂಡು ಹೋಗುವ ಪ್ರವಾಸದಲ್ಲಿ ಫೋಟೋಗಳು ಉಳಿಯುತ್ತವೆ, ತಿಳಿವಳಿಕೆ ಅಷ್ಟಾಗಿ ಉಳಿಯುವುದಿಲ್ಲ.

ಪ್ಯಾರಿಸ್ಸಿನ ಮೆಟ್ರೋವನ್ನೇ ನೋಡಿ. ಅಲ್ಲಿ ರೈಲು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಆ ಮಾರ್ಗದ ಕೊನೆಯ ನಿಲ್ದಾಣದ ಹೆಸರಿನಿಂದ ಸೂಚಿಸುತ್ತಾರೆ. ಲೂವ್ರ್-ರಿವೋಲಿಯಿಂದ ಬಾಸ್ಟಿಲ್‌ಗೆ ಹೋಗಬೇಕಾದ ಮಗು ನಕ್ಷೆಯಲ್ಲಿ 1ನೇ ಮಾರ್ಗವನ್ನು ಹುಡುಕಬೇಕು, ಅದರ ಎರಡು ತುದಿಗಳಲ್ಲಿ ಯಾವುದು ತನ್ನ ಕಡೆಯದೆಂದು ಯೋಚಿಸಬೇಕು, ಶಾತೋ ದ ವಾನ್ಸೆನ್ ಎಂಬ ಫಲಕವಿರುವ ಪ್ಲಾಟ್‌ಫಾರ್ಮಿಗೆ ಇಳಿಯಬೇಕು, ಆಮೇಲೆ ಬೆರಳು ಮಡಿಸುತ್ತ ನಾಲ್ಕನೆಯ ನಿಲ್ದಾಣಕ್ಕೆ ಕಾಯಬೇಕು. 9 ವರ್ಷದ ಮಗುವಿನ ಕೈಗೆ ಈ ಕೆಲಸ ಕೊಟ್ಟು, ದೊಡ್ಡವರು ಬಾಯಿ ಬಿಡದೆ ಹಿಂದೆ ನಡೆದರೆ ಸಾಕು. ಎದುರು ದಿಕ್ಕಿನ ರೈಲು ಹತ್ತಿದರೂ ನಷ್ಟವಾಗುವುದು ಹದಿನೈದು ನಿಮಿಷ, ಅಷ್ಟೆ. ತಪ್ಪನ್ನು ತಾನೇ ಕಂಡುಹಿಡಿದು ಸರಿಪಡಿಸಬಹುದೆಂಬ ಧೈರ್ಯ ಆ ಹದಿನೈದು ನಿಮಿಷದಲ್ಲಿ ಹುಟ್ಟುತ್ತದೆ.

ನಿಮ್ಮ ಮಗಳಿಗೆ ಇದಕ್ಕಿಂತ ಗಟ್ಟಿಯಾದ ಕೆಲಸ ಕೊಡಬಹುದು. ಯುರೋಪಿನ ಷೆಂಗೆನ್ ವಲಯಕ್ಕೆ (ತಮ್ಮೊಳಗಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಟ್ಟುಕೊಳ್ಳದ ದೇಶಗಳ ಗುಂಪಿಗೆ) ಅಲ್ಪಾವಧಿಗೆ ಹೋಗುವವರು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಒಳಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಇದು ಜನವರಿಗೆ ಆರಂಭವಾಗಿ ಜೂನ್‌ಗೆ ಮುಗಿಯುವ ಲೆಕ್ಕವಲ್ಲ: ಅಲ್ಲಿರುವ ಪ್ರತಿಯೊಂದು ದಿನವೂ ಆ ದಿನದಿಂದ ಹಿಂದಕ್ಕೆ 180 ದಿನ ಎಣಿಸಿ, ಅವುಗಳಲ್ಲಿ ಎಷ್ಟನ್ನು ಒಳಗೆ ಕಳೆದಿದ್ದೇವೆಂದು ನೋಡಬೇಕು. ಕ್ಯಾಲೆಂಡರ್ ಹರಡಿಕೊಂಡು, ಇಡೀ ಕುಟುಂಬದ ಪ್ರಯಾಣ ತನ್ನ ಲೆಕ್ಕದ ಮೇಲೆ ನಿಂತಿದೆಯೆಂದು ತಿಳಿದು ಕೂತ ಹುಡುಗಿಗೆ ಗಣಿತದ ಉಪಯೋಗವೇನೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಕೊನೆಯಲ್ಲಿ ನೀವೂ ಒಮ್ಮೆ ಪರಿಶೀಲಿಸಿ ಎಂಬುದು ಬೇರೆ ಮಾತು.

ಭೂಗೋಳವಂತೂ ಕಣ್ಣೆದುರಿಗೇ ನಡೆಯುತ್ತದೆ. ನಾರ್ವೆಯ ಟ್ರೋಮ್ಸೋದಲ್ಲಿ ಬೇಸಿಗೆಯ ಸುಮಾರು ಎರಡು ತಿಂಗಳು ಸೂರ್ಯ ಮುಳುಗುವುದಿಲ್ಲ, ಸಮಭಾಜಕ ವೃತ್ತದ ಹತ್ತಿರದ ಸಿಂಗಪುರದಲ್ಲಿ ವರ್ಷವಿಡೀ ಹಗಲು 12 ಗಂಟೆಯ ಆಸುಪಾಸಿನಲ್ಲೇ ಇರುತ್ತದೆ, ಸಿಡ್ನಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಸೋಮವಾರ ರಾತ್ರಿ ಟೋಕಿಯೋ ಬಿಟ್ಟ ವಿಮಾನ ಅದೇ ಸೋಮವಾರ ಬೆಳಗ್ಗೆ ಹೊನೊಲುಲುವಿನಲ್ಲಿ ಇಳಿದಾಗ, ದಿನಾಂಕ ರೇಖೆಯೇಕೆ ಬೇಕೆಂಬ ಪ್ರಶ್ನೆಯನ್ನು ಮಗುವೇ ಎತ್ತುತ್ತದೆ. ಆ ಪ್ರಶ್ನೆಗೆ ಒಂದು ಕಿತ್ತಳೆ ಹಣ್ಣು, ಒಂದು ಟಾರ್ಚ್ ಹಿಡಿದು ಅಂದೇ ಉತ್ತರಿಸಿ. ಮುಂದಿನ ವಾರಕ್ಕೆ ಅದು ಉಳಿದಿರುವುದಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕು. ಚಿಕ್ಕ ಮಕ್ಕಳು ಭಾಷೆಯನ್ನು ಬಹುಬೇಗ ಹೀರಿಕೊಳ್ಳುತ್ತಾರೆಂಬ ನಂಬಿಕೆ ಎಲ್ಲೆಡೆ ಇದೆ. ಆದರೆ ನೆದರ್ಲೆಂಡ್ಸಿಗೆ ಬಂದ ಇಂಗ್ಲಿಷ್ ಭಾಷಿಕರು ಡಚ್ ಕಲಿಯುವ ಬಗೆಯನ್ನು ಗಮನಿಸಿ ಸಂಶೋಧಕಿ ಕ್ಯಾಥರೀನ್ ಸ್ನೋ ಮತ್ತು ಅವರ ಸಹೋದ್ಯೋಗಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲಿ ಮುಂದಿದ್ದವರು 12ರಿಂದ 15 ವರ್ಷದವರು ಮತ್ತು ವಯಸ್ಕರು. 3ರಿಂದ 5 ವರ್ಷದವರು ಎಲ್ಲರಿಗಿಂತ ಹಿಂದಿದ್ದರು. ಹೀಗಾಗಿ ಆರು ತಿಂಗಳಲ್ಲಿ ಮಗನಿಗಿಂತ ಮಗಳು ಹೆಚ್ಚು ಕಲಿತರೆ ಆಶ್ಚರ್ಯಪಡಬೇಡಿ. ಇಬ್ಬರಿಗೂ ಬೇಕಾದದ್ದು ಜೊತೆಗೆ ಆಡುವ ಸ್ಥಳೀಯ ಮಕ್ಕಳು, ಮತ್ತು ಅಂಥ ಗೆಳೆತನ ಮೂರು ದಿನಕ್ಕೊಮ್ಮೆ ಊರು ಬದಲಿಸುವವರಿಗೆ ಸಿಗುವುದಿಲ್ಲ. ಹತ್ತು ದೇಶಗಳ ಪಟ್ಟಿಯನ್ನು ಮೂರಕ್ಕೆ ಇಳಿಸಿ, ಒಂದೊಂದರಲ್ಲೂ ತಿಂಗಳುಗಟ್ಟಲೆ ನಿಲ್ಲುವುದೇ ಮೇಲೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇತಿಹಾಸದ ಕಹಿ ಸ್ಥಳಗಳಿಗೆ ಮಕ್ಕಳನ್ನು ಕರೆದೊಯ್ಯಬೇಕೇ ಎಂಬ ಅಳುಕು ಅನೇಕರಿಗಿದೆ. 1945ರ ಆಗಸ್ಟ್ 6ರ ಅಣುಬಾಂಬಿನ ವಿಕಿರಣಕ್ಕೆ 2 ವರ್ಷದ ಮಗುವಾಗಿದ್ದಾಗ ಸಿಕ್ಕಿ, 1955ರಲ್ಲಿ 12ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಸಡಾಕೊ ಸಸಾಕಿಯ ನೆನಪಿಗೆ ಹಿರೋಶಿಮಾದ ಉದ್ಯಾನದಲ್ಲಿ ಮಕ್ಕಳ ಶಾಂತಿ ಸ್ಮಾರಕವಿದೆ. ಅದರ ಸುತ್ತ ಬೇರೆ ಬೇರೆ ದೇಶಗಳ ಮಕ್ಕಳು ಮಡಿಸಿ ಕಳಿಸಿದ ಕಾಗದದ ಕೊಕ್ಕರೆಗಳು ತುಂಬಿರುತ್ತವೆ. ನಿಮ್ಮ ಮಗಳದೂ ಅದೇ ವಯಸ್ಸು. ಅವಳನ್ನು ಕರೆದೊಯ್ಯಿರಿ, ಮೊದಲೇ ಕಥೆ ಹೇಳಿರಿ, ಅಲ್ಲಿಂದ ಬಂದ ಸಂಜೆ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದೆ ಅವಳ ಮಾತು ಕೇಳಿರಿ. ವಸ್ತುಸಂಗ್ರಹಾಲಯದ ಒಳಗಿನ ಚಿತ್ರಗಳನ್ನು ಮಾತ್ರ ಏಳು ವರ್ಷದವನಿಗೆ ತೋರಿಸುವ ಅವಸರ ಬೇಡ.

ನಷ್ಟವೂ ಉಂಟು. ಭಿನ್ನರಾಶಿ, ದೀರ್ಘ ಭಾಗಾಕಾರದಂಥ ವಿಷಯಗಳು ಮೆಟ್ಟಿಲು ಮೆಟ್ಟಿಲಾಗಿ ಬರುವುದರಿಂದ ಅವುಗಳನ್ನು ಪ್ರವಾಸ ತಾನಾಗಿ ಕಲಿಸುವುದಿಲ್ಲ. ಬೆಳಗಿನ ಒಂದು ಗಂಟೆಯನ್ನು ಗಣಿತಕ್ಕೂ ಬರವಣಿಗೆಗೂ ಕಡ್ಡಾಯವಾಗಿ ಮೀಸಲಿಡಬೇಕು. ಏಳು ವರ್ಷದವನ ಓದು ಇನ್ನೂ ಪಕ್ವವಾಗುತ್ತಿರುವ ಕಾಲವಾದ್ದರಿಂದ ದಿನವೂ ಗಟ್ಟಿಯಾಗಿ ಓದಿಸಬೇಕು. ಮಗಳ ನಷ್ಟ ಬೇರೆ ತರಹದ್ದು: ಆ ವಯಸ್ಸಿನಲ್ಲಿ ಗೆಳತಿಯರಿಂದ ಆರು ತಿಂಗಳು ದೂರವಿರುವುದು ದೊಡ್ಡವರು ಭಾವಿಸುವುದಕ್ಕಿಂತ ಭಾರವಾದದ್ದು. ಅವರೊಂದಿಗೆ ಮಾತಾಡಲು ವಾರದಲ್ಲಿ ನಿಗದಿತ ಹೊತ್ತು ಅವಳಿಗಿರಲಿ, ಯಾವ ದೇಶ, ಯಾವ ಊರು ಎಂಬ ತೀರ್ಮಾನದಲ್ಲಿ ಅವಳ ಮಾತಿಗೂ ಬೆಲೆ ಇರಲಿ.

ಹೊರಡುವ ಮುನ್ನ ಇಬ್ಬರ ಶಿಕ್ಷಕರನ್ನೂ ಭೇಟಿಯಾಗಿ, ಆ ಆರು ತಿಂಗಳಲ್ಲಿ ತರಗತಿಯಲ್ಲಿ ನಡೆಯುವ ಪಾಠಗಳ ಪಟ್ಟಿಯನ್ನೂ ಗೈರುಹಾಜರಿಗೆ ಲಿಖಿತ ಅನುಮತಿಯನ್ನೂ ಪಡೆಯಿರಿ. ಮರಳುವ ದಿನಾಂಕವನ್ನು ಶಾಲೆ ತೆರೆಯುವುದಕ್ಕಿಂತ ಕನಿಷ್ಠ ಹತ್ತು ದಿನ ಮೊದಲಿಗೆ ಇಟ್ಟುಕೊಳ್ಳಿ, ಏಕೆಂದರೆ ನಿದ್ದೆಯ ಹೊತ್ತು ಸರಿಹೋಗಲು ದಾಟಿದ ಒಂದೊಂದು ಕಾಲವಲಯಕ್ಕೂ ಸುಮಾರು ಒಂದು ದಿನ ಹಿಡಿಯುತ್ತದೆ.