ಕಣ್ಣೂರಿನ ಕಂಡಕ್ಟರ್ ಕೂಗುವ ‘ಕ್ಯಾಲ್ಟೆಕ್ಸ್’ ಎಂದರೇನು?

ಕೊಡಗಿಗೆ ರೈಲಿಲ್ಲ. ವಿರಾಜಪೇಟೆ ಕಡೆಯವರು ರೈಲು ಹಿಡಿಯಬೇಕೆಂದರೆ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ, ಮಟ್ಟನ್ನೂರು ದಾಟಿ ಕಣ್ಣೂರಿಗೆ ಹೋಗುವುದು ರೂಢಿ. ಕಣ್ಣೂರು ಪೇಟೆ ಹತ್ತಿರ ಬಂದಾಗ ಕಂಡಕ್ಟರ್ ‘ಕ್ಯಾಲ್ಟೆಕ್ಸ್, ಕ್ಯಾಲ್ಟೆಕ್ಸ್’ ಎಂದು ಕೂಗುತ್ತಾರೆ. ಚಿಕ್ಕವನಿದ್ದಾಗ ಅದನ್ನು ಮಲಯಾಳಂ ಪದ ಅಂತಲೇ ತಿಳಿದಿದ್ದೆ. ಮಾವನನ್ನು ಕೇಳಿದರೆ, “ಅದು ಪೆಟ್ರೋಲ್ ಕಂಪನಿ ಮಾರಾಯ” ಎಂದು ನಕ್ಕರು.

ಹೌದು, ಅಲ್ಲಿ ಹಿಂದೆ ಕ್ಯಾಲ್ಟೆಕ್ಸ್ ಕಂಪನಿಯ ಬಂಕ್ ಇತ್ತು. ಜಂಕ್ಷನ್ನಿಗೆ ಅದೇ ಹೆಸರು ಬಿತ್ತು. ಕಂಪನಿ ದೇಶ ಬಿಟ್ಟು ಹೋಗಿ ದಶಕಗಳೇ ಆದವು. ಹೆಸರು ಮಾತ್ರ ಕದಲಿಲ್ಲ. (ಅಂದ ಹಾಗೆ, ಅಲ್ಲಿ ‘ಬಂಕ್ ಎಲ್ಲಿದೆ’ ಎಂದು ಕೇಳಿ ಪ್ರಯೋಜನವಿಲ್ಲ. ಕೇರಳ ಗಡಿಯ ಕೂಟುಪುಳ ಸೇತುವೆ ದಾಟಿದರೆ ನಮ್ಮ ಬಂಕ್ ‘ಪಂಪ್’ ಆಗಿಬಿಡುತ್ತದೆ.)

ಪದ ಬಿಡಿಸಿ ನೋಡಿದರೆ ಸುಲಭ. ಕ್ಯಾಲಿಫೋರ್ನಿಯಾದ ‘ಕ್ಯಾಲ್’, ಟೆಕ್ಸಾಸ್‌ನ ‘ಟೆಕ್ಸ್’. ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ ಕಂಪನಿಗೆ 1932ರಲ್ಲಿ ಬಹರೇನ್‌ನಲ್ಲಿ ಎಣ್ಣೆ ಸಿಕ್ಕಿತು. ಆದರೆ ಏಷ್ಯಾದಲ್ಲಿ ಅದನ್ನು ಮಾರಲು ಅವರಿಗೆ ಅಂಗಡಿಗಳಿರಲಿಲ್ಲ. ಟೆಕ್ಸಾಸ್ ಕಂಪನಿಗೆ, ಅಂದರೆ ಟೆಕ್ಸಾಕೋಗೆ, ಈ ಕಡೆ ಅಂಗಡಿಗಳಿದ್ದವು, ಹತ್ತಿರದಲ್ಲಿ ಎಣ್ಣೆ ಇರಲಿಲ್ಲ. ಒಬ್ಬರಲ್ಲಿ ಗದ್ದೆ, ಇನ್ನೊಬ್ಬರಲ್ಲಿ ಎತ್ತು. 1936ರಲ್ಲಿ ಇಬ್ಬರೂ ಸೇರಿದರು, ಕ್ಯಾಲ್ಟೆಕ್ಸ್ ಹುಟ್ಟಿತು. ಬೋರ್ಡಿನ ಮೇಲಿದ್ದ ಕೆಂಪು ನಕ್ಷತ್ರ ಟೆಕ್ಸಾಕೋ ಕಡೆಯಿಂದ ಬಂದದ್ದು, ಟೆಕ್ಸಾಸ್ ರಾಜ್ಯದ ಗುರುತು. ಕಮ್ಯುನಿಸ್ಟರ ಕೋಟೆಯಾದ ಕಣ್ಣೂರಿನಂಥ ಊರಿನಲ್ಲಿ ಅಮೆರಿಕದ ಕಂಪನಿಯೊಂದು ಕೆಂಪು ನಕ್ಷತ್ರ ನೇತುಹಾಕಿ ವ್ಯಾಪಾರ ಮಾಡಿತ್ತು ಎಂದರೆ ತಮಾಷೆಯೇ ಅಲ್ವಾ?

ಇಂಡಿಯಾದಲ್ಲಿ ಕ್ಯಾಲ್ಟೆಕ್ಸ್ ಬರೀ ಬಂಕ್ ಇಟ್ಟುಕೊಂಡು ಸುಮ್ನಿರಲಿಲ್ಲ. 1957ರಲ್ಲಿ ವಿಶಾಖಪಟ್ಟಣದಲ್ಲಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯನ್ನೂ ಶುರುಮಾಡಿತು. ಆಗ ಇಲ್ಲಿ ಇನ್ನೆರಡು ದೊಡ್ಡ ವಿದೇಶಿ ಹೆಸರುಗಳಿದ್ದವು. ಒಂದು ಬರ್ಮಾ ಶೆಲ್, ಇನ್ನೊಂದು ಎಸ್ಸೊ. ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ಕೈಗೆ ಬಂದು ಈಗಿನ ಭಾರತ್ ಪೆಟ್ರೋಲಿಯಂ ಆಯಿತು.

ನನಗೆ ಜಾಸ್ತಿ ಇಷ್ಟವಾಗುವುದು ಎಸ್ಸೊ ಕತೆ. ಎಸ್ ಮತ್ತು ಓ, ಎರಡು ಇಂಗ್ಲಿಷ್ ಅಕ್ಷರಗಳನ್ನು ಒಟ್ಟಿಗೆ ಹೇಳಿ ನೋಡಿ. ಸ್ಟ್ಯಾಂಡರ್ಡ್ ಆಯಿಲ್‌ನ ಮೊದಲಕ್ಷರಗಳು ಅವು. ರಾಕ್‌ಫೆಲ್ಲರ್ ಕಟ್ಟಿದ ಆ ಕಂಪನಿ ಅಮೆರಿಕದ ಎಣ್ಣೆ ವ್ಯಾಪಾರವನ್ನೆಲ್ಲ ನುಂಗುತ್ತಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 1911ರಲ್ಲಿ ಅದನ್ನು 34 ಪಾಲು ಮಾಡಿಸಿತು. ನ್ಯೂಜೆರ್ಸಿಯ ಪಾಲು ಮುಂದೆ ಎಸ್ಸೊ ಎಂಬ ಹೆಸರು ಇಟ್ಟುಕೊಂಡಿತು. ಕ್ಯಾಲಿಫೋರ್ನಿಯಾದ ಪಾಲೇ ಕ್ಯಾಲ್ಟೆಕ್ಸ್‌ನ ‘ಕ್ಯಾಲ್’. ಒಂದೇ ಮನೆಯ ಮಕ್ಕಳು!

1974ರಲ್ಲಿ ಸರ್ಕಾರ ಎಸ್ಸೊವನ್ನು ತೆಗೆದುಕೊಂಡು ಹಿಂದೂಸ್ತಾನ್ ಪೆಟ್ರೋಲಿಯಂ ಮಾಡಿತು. 1976ರ ಕೊನೆಗೆ ಕ್ಯಾಲ್ಟೆಕ್ಸ್ ಅನ್ನೂ ತೆಗೆದುಕೊಂಡಿತು. 1978ರಲ್ಲಿ ಅದನ್ನು ಹಿಂದೂಸ್ತಾನ್ ಪೆಟ್ರೋಲಿಯಂ ಜೊತೆ ಸೇರಿಸಿತು. ಅಮೆರಿಕದ ಕೋರ್ಟು ಪಾಲು ಮಾಡಿಸಿದ ಅಣ್ಣತಮ್ಮಂದಿರು 67 ವರ್ಷದ ನಂತರ ಇಂಡಿಯಾದಲ್ಲಿ ಒಂದೇ ಐನ್‌ಮನೆ ಸೇರಿದ ಹಾಗಾಯಿತು. ಈಗ ಎಚ್‌ಪಿ ಬೋರ್ಡು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಮಾವ ಮಾತ್ರ ಇವತ್ತಿಗೂ ಬಸ್ಸಿನಲ್ಲಿ ಕಣ್ಣೂರಿಗೆ ಟಿಕೆಟ್ ಕೇಳುವುದಿಲ್ಲ. “ಎರಡು ಕ್ಯಾಲ್ಟೆಕ್ಸ್” ಎನ್ನುತ್ತಾರೆ.