ಕಾರ್ಡ್ ಮೊದಲಾ, ಹಣ ಮೊದಲಾ?

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಎಟಿಎಂನಲ್ಲಿ ನಮ್ಮ ಚಿಕ್ಕಮ್ಮ ಹಿಂದೊಮ್ಮೆ ಕಾರ್ಡ್ ಬಿಟ್ಟು ಬಂದಿದ್ದರು. ಹಣ ಎಣಿಸಿದರು, ಪರ್ಸಿಗೆ ಹಾಕಿದರು, ಕುಂದಾಪುರದ ಬಸ್ ಹತ್ತಿದರು. "ನಂಗೆ ಮರೆವು ಜಾಸ್ತಿಯಾಯ್ತು" ಅಂತ ಎಷ್ಟೋ ದಿನ ತಮ್ಮನ್ನೇ ಬೈದುಕೊಂಡರು. ಆದರೆ ಆ ಯಂತ್ರ ಮೊದಲು ಹಣ ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತಿತ್ತು. ಬಂದ ಕೆಲಸ ಆದ ಮೇಲೆ ಉಳಿದದ್ದು ಯಾರಿಗಾದರೂ ಮರೆಯುತ್ತದೆ, ಅಲ್ವಾ?

ಇಂಥ ತೊಂದರೆಯನ್ನು ಯಂತ್ರ ನಮ್ಮ ಕೈಗೆ ಬರುವ ಮೊದಲೇ ಲೆಕ್ಕ ಹಾಕಿ ಹಿಡಿಯುವ ವಿದ್ಯೆ ಇದೆ. ಅದಕ್ಕೆ ಫಾರ್ಮಲ್ ಮೆಥಡ್ಸ್ ಅನ್ನುತ್ತಾರೆ. 1969ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, ಪ್ರೋಗ್ರಾಂ ಸರಿಯಿದೆ ಅಂತ ತರ್ಕದಿಂದಲೇ ಸಾಧಿಸುವ ದಾರಿ ತೋರಿಸಿದರು. ಅದೇ ವರ್ಷ ಡೇವಿಡ್ ಪಾರ್ನಾಸ್, ಕಂಪ್ಯೂಟರ್ ಮುಂದೆ ಕೂತವರು ಮಾಡುವುದನ್ನೆಲ್ಲ ಒಂದು ನಕ್ಷೆಯಾಗಿ ಬರೆದರು. ಮಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, ಪ್ರತಿ ಸ್ಕ್ರೀನ್ ಒಂದು ಸರ್ಕಲ್, ಪ್ರತಿ ಬಟನ್ ಅಲ್ಲಿಂದ ಹೊರಡುವ ರಸ್ತೆ. ಎಲ್ಲಿಗೆ ಹೋದರೂ ಹಂಪನಕಟ್ಟೆಗೆ ವಾಪಸ್ ಬರಬಹುದಾ, ಅಥವಾ ಯಾವುದೋ ಒನ್‌ವೇಯಲ್ಲಿ ಸಿಕ್ಕಿಬೀಳುತ್ತೇವಾ ಅಂತ ಕೂತಲ್ಲೇ ನೋಡಬಹುದು.

ಇದು ಸುಮ್ನೆ ಅನುಕೂಲದ ಮಾತಲ್ಲ, ಜೀವದ ಪ್ರಶ್ನೆ ಅಂತ ತೋರಿಸಿದ್ದು ಥೆರಾಕ್-25. ಅದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ಜನರಿಗೆ ಮಿತಿಮೀರಿ ವಿಕಿರಣ ಬಡಿಯಿತು, ಕೆಲವರು ತೀರಿಹೋದರು. ಟೆಕ್ಸಾಸ್‌ನಲ್ಲಿ ಆದದ್ದು ಹೀಗೆ: ಆಪರೇಟರ್ ಎಲೆಕ್ಟ್ರಾನ್ ಕಿರಣದ 'ಇ' ಒತ್ತುವ ಬದಲು ಎಕ್ಸ್-ರೇಯ 'ಎಕ್ಸ್' ಒತ್ತಿದರು, ತಕ್ಷಣ ಗೊತ್ತಾಗಿ ಮೇಲೆ ಹೋಗಿ ತಿದ್ದಿದರು. ತಿದ್ದಿದ್ದು 8 ಸೆಕೆಂಡ್ ಒಳಗೆ ಮುಗಿದಿದ್ದರಿಂದ ಸ್ಕ್ರೀನ್ ಬದಲಾಯಿತು, ಯಂತ್ರದ ಒಳಗೆ ಬದಲಾಗಲಿಲ್ಲ. 'ಮಾಲ್‌ಫಂಕ್ಷನ್ 54' ಅಂತ ಮಾತ್ರ ಬಂತು. ಅದರ ಅರ್ಥ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ, ಇಂಥ ಸಂದೇಶ ದಿನಾ ನೋಡಿ ಅಭ್ಯಾಸವಾಗಿದ್ದರಿಂದ 'ಪಿ' ಒತ್ತಿ ಮುಂದುವರಿಸಿದರು. ಪರೀಕ್ಷಿಸಲು ಬಂದ ಎಂಜಿನಿಯರ್‌ಗಳಿಗೆ ದೋಷ ಕಾಣಲೇ ಇಲ್ಲ. ಕೊನೆಗೆ ಆಸ್ಪತ್ರೆಯ ಭೌತವಿಜ್ಞಾನಿಯೂ ಆ ಆಪರೇಟರೂ ಕೂತು, ಮತ್ತೆ ಮತ್ತೆ ಟೈಪ್ ಮಾಡಿ ಅದನ್ನು ಹಿಡಿದರು. ಕೆಲಸ ಕಲಿತವರ ಕೈ ವೇಗವಾಗಿ ಓಡುವುದು ತಪ್ಪೇ ಅಲ್ಲ ಮಾರಾಯ್ರೆ! ಆ ವೇಗವೂ ನಕ್ಷೆಯಲ್ಲಿ ಇರಬೇಕಿತ್ತು.

ಆಮೇಲಿನದು ಬೇಗ ಹೇಳಬಹುದು. ನಕ್ಷೆಯ ಎಲ್ಲ ದಾರಿಗಳನ್ನು ಕಂಪ್ಯೂಟರೇ ಹುಡುಕುವ ಮಾಡೆಲ್ ಚೆಕಿಂಗ್ 80ರ ದಶಕದ ಶುರುವಿನಲ್ಲೇ ಬಂದಿತ್ತು, ಅದನ್ನು ಬೆಳೆಸಿದ ಮೂವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2007ರಲ್ಲಿ ಸಿಕ್ಕಿತು. 1987ರಲ್ಲಿ ಡೇವಿಡ್ ಹರೆಲ್ ದೊಡ್ಡ ನಕ್ಷೆಗಳನ್ನು ಚಿಕ್ಕದಾಗಿ ಬರೆಯುವ ಸ್ಟೇಟ್‌ಚಾರ್ಟ್ ಕೊಟ್ಟರು. ಹೆರಾಲ್ಡ್ ಥಿಂಬಲ್‌ಬಿ ಔಷಧಿ ಹರಿಸುವ ಇನ್ಫ್ಯೂಷನ್ ಪಂಪ್‌ಗಳ ಬಟನ್‌ಗಳನ್ನು ಪರೀಕ್ಷಿಸಿದರು. ಅಲ್ಲಿ ದಶಮಾಂಶದ ಚುಕ್ಕಿಯೊಂದು ತಪ್ಪಿದರೆ ಡೋಸ್ ಹತ್ತು ಪಟ್ಟು.

ಯಂತ್ರದ ನಕ್ಷೆ ಬರೆಯಬಹುದು, ಮನುಷ್ಯನದ್ದು ಹೇಗೆ ಅನ್ನುವ ತಕರಾರು ಹಳೆಯದು, ನ್ಯಾಯವಾದದ್ದೂ ಹೌದು. ಪೌಲ್ ಕರ್ಜನ್ ಮತ್ತು ಆನ್ ಬ್ಲಾಂಡ್‌ಫರ್ಡ್ ಅದಕ್ಕೇ ಮನುಷ್ಯನನ್ನೂ ಲೆಕ್ಕದೊಳಗೆ ತಂದರು: ಬಂದ ಕೆಲಸ ಆದ ಕೂಡಲೇ ಈತ ಹೊರಟು ಹೋಗಬಹುದು ಅಂತ ಬರೆದಿಟ್ಟರು. ಆ ಲೆಕ್ಕದಲ್ಲಿ, ಹಣ ಮೊದಲು ಕೊಡುವ ಎಟಿಎಂ ಪಾಸಾಗುವುದಿಲ್ಲ. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನನ್ನ ತಲೆ ಸರಿ ಉಂಟು" ಅಂದರು.