ಇಂಗ್ಲಿಷ್ ಸಾಹಿತ್ಯದ ಉನ್ನತ ವ್ಯಾಸಂಗ: ಅರ್ಜಿಯಲ್ಲಿ ಕಾಣಬೇಕಾದದ್ದು ಓದುವ ಬಗೆ

ಕಳೆದ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ, ಉಡುಪಿಯಿಂದ ಬಸ್ಸು ಹಿಡಿದು ಮಂಗಳೂರಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಅರ್ಜಿಯ ಕರಡನ್ನು ನನ್ನ ಮೇಜಿನ ಮೇಲಿಟ್ಟಳು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದ್ದ ಆಕೆ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಸೇರಬೇಕೆಂದಿದ್ದಳು. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂದು ಕರೆಯುವ ಉದ್ದೇಶಪತ್ರ ಅಜ್ಜಿ ಹೇಳುತ್ತಿದ್ದ ಕಥೆಗಳಿಂದ ಆರಂಭವಾಗಿ, ಶಾಲೆಯ ಗ್ರಂಥಾಲಯವನ್ನು ದಾಟಿ, ಸಾಹಿತ್ಯದ ಮೇಲೆ ತನಗೆ ಅಪಾರ ಪ್ರೀತಿಯಿದೆ ಎಂಬಲ್ಲಿಗೆ ಬಂದು ನಿಂತಿತ್ತು. ಎರಡನೆಯ ಪುಟದ ತುಂಬ ಆಕೆ ಓದಿದ ಲೇಖಕರ ಹೆಸರುಗಳಿದ್ದವು. ಎಂ.ಎ. ಪ್ರಬಂಧದ ಬಗ್ಗೆ ಇದ್ದದ್ದು ಒಂದೇ ಸಾಲು.

ಆ ಪ್ರಬಂಧ ಯಾವುದರ ಬಗ್ಗೆ ಎಂದು ಕೇಳಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾದ ಕಾದಂಬರಿ. ನಾಲ್ಕು ವರ್ಷಗಳಲ್ಲಿ, 1903ರಲ್ಲಿ, ಎಂ.ಇ. ಕೌಚ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಇಂಗ್ಲಿಷಿಗೆ ತಂದರು. ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ವಿಧವೆಯೊಬ್ಬಳ ಮರುಮದುವೆಯ ಸುತ್ತ ಬರುವ ಮಾತುಗಳಲ್ಲಿ ಯಾವುದು ಇಂಗ್ಲಿಷಿಗೆ ದಕ್ಕಿದೆ, ಯಾವುದು ದಕ್ಕಿಲ್ಲ ಎಂದು ಆಕೆ ಸಾಲುಸಾಲಾಗಿ ಹೋಲಿಸಿದ್ದಳು. ಅದನ್ನು ಅರ್ಜಿಯಲ್ಲಿ ಏಕೆ ಬರೆದಿಲ್ಲ ಎಂದು ಕೇಳಿದ್ದಕ್ಕೆ, “ಅದು ಕನ್ನಡದ್ದಲ್ವಾ ಸರ್, ಇಂಗ್ಲಿಷ್ ಡಿಪಾರ್ಟ್‌ಮೆಂಟಿನವರಿಗೆ ಅದೆಂತಕ್ಕೆ?” ಎಂದಳು.

ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ಅರ್ಜಿಗಳನ್ನು ತಿದ್ದಿ ಕೊಡುತ್ತ ಬಂದಿರುವ ನಾನು ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಬಾಯಿಂದ ಹಲವು ಬಾರಿ ಕೇಳಿದ್ದೇನೆ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಅರ್ಥ ಎಲ್ಲಿ ಜಾರುತ್ತದೆ ಎಂಬುದು ದಿನನಿತ್ಯದ ಅನುಭವ. ಅರ್ಜಿ ಬರೆಯಲು ಕುಳಿತಾಗ ಮಾತ್ರ ಅದನ್ನು ಮರೆಮಾಡಿ, ಲಂಡನ್ನಿನಲ್ಲಿ ಹುಟ್ಟಿದವರೂ ಬರೆಯಬಹುದಾದ ಸಾಮಾನ್ಯ ಮಾತುಗಳನ್ನು ಜೋಡಿಸುತ್ತಾರೆ. ಅರ್ಜಿಗಳನ್ನು ಪರಿಶೀಲಿಸುವ ಅಧ್ಯಾಪಕರ ಮುಂದೆ ಚಳಿಗಾಲದ ಕೆಲವೇ ವಾರಗಳಲ್ಲಿ ನೂರಾರು ಕಡತಗಳು ಬರುತ್ತವೆ. ಸಾಹಿತ್ಯದ ಮೇಲಿನ ಪ್ರೀತಿ ಅಷ್ಟೂ ಕಡತಗಳಲ್ಲಿ ಇರುವುದರಿಂದ ಅದು ಯಾರನ್ನೂ ಬೇರೆಯಾಗಿ ತೋರಿಸುವುದಿಲ್ಲ. ಈ ಅಭ್ಯರ್ಥಿ ಒಂದು ಪುಟವನ್ನು ಹೇಗೆ ಓದುತ್ತಾರೆ, ಓದಿದಾಗ ಯಾವ ಪ್ರಶ್ನೆ ಅವರಿಗೆ ಏಳುತ್ತದೆ, ಆ ಪ್ರಶ್ನೆಯ ಹಿಂದೆ ಐದಾರು ವರ್ಷ ಹೋಗುವ ತಾಳ್ಮೆ ಅವರಿಗಿದೆಯೇ ಎಂಬುದನ್ನು ಆ ಅಧ್ಯಾಪಕರು ಹುಡುಕುತ್ತಿರುತ್ತಾರೆ.

ಅದಕ್ಕೆ ನೇರವಾದ ಸಾಕ್ಷ್ಯ ರೈಟಿಂಗ್ ಸ್ಯಾಂಪಲ್, ಅಂದರೆ ಅರ್ಜಿಯ ಜೊತೆಗೆ ಕಳುಹಿಸುವ ವಿಮರ್ಶಾ ಲೇಖನ. ನಮ್ಮವರು ಉದ್ದೇಶಪತ್ರಕ್ಕೆ ಎರಡು ತಿಂಗಳು ಕೊಟ್ಟು ಇದಕ್ಕೆ ಎರಡು ದಿನ ಕೊಡುತ್ತಾರೆ. ನನ್ನ ಅನುಭವದಲ್ಲಿ ಈ ಲೆಕ್ಕ ತಿರುವುಮುರುವಾಗಬೇಕು. ಸಾಮಾನ್ಯವಾಗಿ 15ರಿಂದ 20 ಪುಟಗಳನ್ನು ಕೇಳುತ್ತಾರೆ. ಕೆಲವು ವಿಭಾಗಗಳಿಗೆ 10 ಸಾಕು, ಕೆಲವಕ್ಕೆ 25 ಬೇಕು. ಎಂ.ಎ. ಪ್ರಬಂಧದ ಮೊದಲ ಅಧ್ಯಾಯವನ್ನು ಕತ್ತರಿಸಿ ಕಳುಹಿಸುವುದು ಎಲ್ಲರೂ ಮಾಡುವ ತಪ್ಪು. ನಮ್ಮಲ್ಲಿ ಮೊದಲ ಅಧ್ಯಾಯವೆಂದರೆ ಲೇಖಕರ ಹುಟ್ಟು, ಬಾಲ್ಯ, ಪ್ರಶಸ್ತಿಗಳು, ಆ ಯುಗದ ಹಿನ್ನೆಲೆ, ಕೊನೆಗೆ ಮುಂದಿನ ಅಧ್ಯಾಯಗಳ ಪರಿಚಯ. ಹಾಗೆ ಬರೆಯಲು ನಾವು ಅಧ್ಯಾಪಕರೇ ಕಲಿಸಿದ್ದೇವೆ, ಆದ್ದರಿಂದ ವಿದ್ಯಾರ್ಥಿಗಳನ್ನು ದೂರುವಂತಿಲ್ಲ. ಆದರೆ ಆ ಪುಟಗಳಲ್ಲಿ ಬರೆದವರ ಸ್ವಂತ ಯೋಚನೆ ಎಲ್ಲಿಯೂ ಕಾಣಿಸುವುದಿಲ್ಲ.

ಉಡುಪಿಯ ಆ ಹುಡುಗಿಗೆ ಮೂರನೆಯ ಅಧ್ಯಾಯವನ್ನು ತೆಗೆದುಕೊಳ್ಳಲು ಹೇಳಿದೆ. ಅದರಲ್ಲಿಯೂ ಒಂದೇ ಸಂಭಾಷಣೆಯನ್ನು ಆರಿಸಿಕೊಂಡು, ಕನ್ನಡದ ಸಾಲನ್ನೂ ಕೌಚ್‌ಮನ್ನರ ಸಾಲನ್ನೂ ಕೊಟ್ಟು, ಎರಡರ ನಡುವಿನ ವ್ಯತ್ಯಾಸವನ್ನು ಮೊದಲ ಎರಡು ಪುಟಗಳೊಳಗೆ ಓದುಗರ ಮುಂದಿಡಬೇಕು. ಆ ವ್ಯತ್ಯಾಸದಿಂದ ತಾನು ಮಾಡುವ ವಾದ ಏನೆಂಬುದನ್ನು ಒಂದೆರಡು ವಾಕ್ಯಗಳಲ್ಲಿ ಸ್ಪಷ್ಟವಾಗಿ ಹೇಳಬೇಕು. ಆಮೇಲೆ ಇದೇ ಕಾದಂಬರಿಯ ಬಗ್ಗೆ, ವಸಾಹತು ಕಾಲದ ಅನುವಾದದ ಬಗ್ಗೆ ಬೇರೆ ವಿಮರ್ಶಕರು ಏನೆಂದಿದ್ದಾರೆ, ತಾನು ಯಾರನ್ನು ಒಪ್ಪುತ್ತೇನೆ, ಯಾರ ಜೊತೆ ಎಲ್ಲಿ ಒಪ್ಪುವುದಿಲ್ಲ ಎಂದು ಬರೆಯಬೇಕು. ಈ ಕಾದಂಬರಿಗೆ 2019ರಲ್ಲಿ ಹೊಸ ಇಂಗ್ಲಿಷ್ ಅನುವಾದವೂ ಬಂದಿದೆ. ಶತಮಾನಕ್ಕೂ ಮಿಕ್ಕಿದ ಅಂತರದ ಎರಡು ಅನುವಾದಗಳು ಕೈಗೆ ಸಿಗುವ ಇಂತಹ ವಿಷಯ ಬೇರೆ ಊರಿನ ಸಂಶೋಧಕರಿಗೆ ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ. ಕನ್ನಡದಿಂದ ಉಲ್ಲೇಖಿಸುವಾಗ ಅನುವಾದ ತನ್ನದೇ ಎಂದು ಅಡಿಟಿಪ್ಪಣಿಯಲ್ಲಿ ತಿಳಿಸಬೇಕು. ಉಲ್ಲೇಖದ ಕ್ರಮಕ್ಕೆ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ (ಎಂಎಲ್‌ಎ) ಕೈಪಿಡಿಯ 2021ರ ಒಂಬತ್ತನೆಯ ಆವೃತ್ತಿಯನ್ನು ಅನುಸರಿಸಿದರೆ ಸಾಕು.

ವಿದೇಶದ ಗ್ರಂಥಾಲಯ ನಮಗಿಲ್ಲವಲ್ಲ ಎಂಬ ಕೊರಗು ಈಗ ಹಿಂದಿನಷ್ಟು ನಿಜವಲ್ಲ. ವಿದ್ವತ್ ಪತ್ರಿಕೆಗಳ ಆನ್‌ಲೈನ್ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ 100 ಲೇಖನಗಳವರೆಗೆ ಉಚಿತವಾಗಿ ಓದಬಹುದು. ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿವೆ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ ಕಾಲದ ಹಳೆಯ ಮುದ್ರಣಗಳಿವೆ. ಹಂಪನಕಟ್ಟೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಆ ಕಟ್ಟಡದೊಳಗೆ ಒಮ್ಮೆಯೂ ಕಾಲಿಡದೆ ಎಂ.ಎ. ಮುಗಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಲೇಖನ ಗಟ್ಟಿಯಾದ ಮೇಲೆ ಉದ್ದೇಶಪತ್ರ ಬರೆಯುವುದು ಸುಲಭ. ಸಾಮಾನ್ಯವಾಗಿ ಎರಡು ಪುಟ, ಹೆಚ್ಚೆಂದರೆ ಸಾವಿರ ಪದ. ಮೊದಲ ಪ್ಯಾರಾದಲ್ಲಿಯೇ ನಿಮ್ಮ ಪ್ರಶ್ನೆ ಬರಲಿ. ಆ ಪ್ರಶ್ನೆ ಯಾವ ಓದಿನಿಂದ ಹುಟ್ಟಿತು, ಎಂ.ಎ. ಪ್ರಬಂಧದಲ್ಲಿ ಎಲ್ಲಿಯವರೆಗೆ ಬಂತು, ಎಲ್ಲಿ ಸಿಕ್ಕಿಹಾಕಿಕೊಂಡಿತು, ಮುಂದೆ ಹೋಗಲು ಯಾವ ತರಬೇತಿ ಬೇಕು ಎಂಬುದು ಅನಂತರದ ಮಾತು. ಆ ವಿಭಾಗದ ಇಬ್ಬರು ಮೂವರು ಅಧ್ಯಾಪಕರನ್ನು ಹೆಸರಿಸುವುದು ರೂಢಿ. ಅವರ ಒಂದಾದರೂ ಲೇಖನವನ್ನು ಪೂರ್ತಿಯಾಗಿ ಓದಿರದಿದ್ದರೆ ಹೆಸರಿಸಬೇಡಿ. ವಿಶ್ವವಿದ್ಯಾಲಯದ ಕೀರ್ತಿಯನ್ನು ಅವರಿಗೇ ಹೇಳಿ ಹೊಗಳುವ ಅಗತ್ಯವಂತೂ ಇಲ್ಲ. ಅಜ್ಜಿಯ ಕಥೆಗಳಿಗೂ ಜಾಗವಿದೆ. ಹಲವು ವಿಶ್ವವಿದ್ಯಾಲಯಗಳು ಪರ್ಸನಲ್ ಸ್ಟೇಟ್‌ಮೆಂಟ್ ಎಂಬ ಇನ್ನೊಂದು ಬರಹವನ್ನು ಪ್ರತ್ಯೇಕವಾಗಿ ಕೇಳುತ್ತವೆ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು, ಬೀಡಿ ಕಟ್ಟಿ ಓದಿಸಿದ ತಾಯಿಯ ಮಕ್ಕಳು, ಯಕ್ಷಗಾನದ ಬಯಲಾಟ ನೋಡುತ್ತ ಮಾತಿನ ರುಚಿ ಹತ್ತಿಸಿಕೊಂಡವರು ಅದನ್ನು ಸಂಕೋಚವಿಲ್ಲದೆ ಅಲ್ಲಿ ಬರೆಯಬೇಕು. ಈ ಬರಹಗಳನ್ನು ಯಂತ್ರದಿಂದ ಬರೆಸಿ ತರುವವರು ಈಚೆಗೆ ಹೆಚ್ಚಾಗಿದ್ದಾರೆ. ಆ ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿರುವುದಿಲ್ಲ, ಬರೆದವರ ಗುರುತೂ ಇರುವುದಿಲ್ಲ. ಲೇಖನದ ದನಿಗೂ ಪತ್ರದ ದನಿಗೂ ತಾಳೆಯಾಗದಿರುವುದು ಅನುಭವಿ ಓದುಗರಿಗೆ ಬೇಗ ತಿಳಿಯುತ್ತದೆ.

ಶಿಫಾರಸು ಪತ್ರಗಳ ವಿಷಯದಲ್ಲಿ ನಮ್ಮ ಕಾಲೇಜುಗಳ ಪದ್ಧತಿ ಬದಲಾಗಲೇಬೇಕು. ಮೂರು ಪತ್ರಗಳು ಬೇಕಾಗುತ್ತವೆ, ಅವುಗಳನ್ನು ಅಧ್ಯಾಪಕರೇ ನೇರವಾಗಿ ಆನ್‌ಲೈನಿನಲ್ಲಿ ಸಲ್ಲಿಸಬೇಕು. “ನೀನೇ ಬರೆದು ತಾ, ನಾನು ಸಹಿ ಹಾಕುತ್ತೇನೆ” ಎನ್ನುವ ಅಧ್ಯಾಪಕರು ನಮ್ಮಲ್ಲಿ ಕಡಿಮೆಯಿಲ್ಲ. ಹಾಗಾದಾಗ ಮೂರೂ ಪತ್ರಗಳು ಒಬ್ಬನೇ ಬರೆದಂತೆ ಕಾಣುತ್ತವೆ, ಅರ್ಜಿಯ ನಂಬಿಕೆಯೇ ಹೋಗುತ್ತದೆ. ಅಮೆರಿಕದ 1974ರ ಕಾನೂನೊಂದರ ಪ್ರಕಾರ ಅಲ್ಲಿ ಸೇರಿದ ವಿದ್ಯಾರ್ಥಿಗೆ ತನ್ನ ಶಿಫಾರಸು ಪತ್ರವನ್ನು ನೋಡುವ ಹಕ್ಕಿದೆ. ಅರ್ಜಿಯಲ್ಲಿ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಕೇಳುತ್ತಾರೆ. ಬಿಟ್ಟುಕೊಡುವುದು ಒಳ್ಳೆಯದು, ಗೋಪ್ಯವಾಗಿ ಬರೆದ ಪತ್ರಕ್ಕೆ ತೂಕ ಹೆಚ್ಚು. ನನ್ನ ಮೊದಲ ವರ್ಷಗಳಲ್ಲಿ ನಾನೂ ವಿಧೇಯ, ಶ್ರಮಜೀವಿ, ತರಗತಿಗೆ ತಪ್ಪದೆ ಬರುವ ವಿದ್ಯಾರ್ಥಿ ಎಂದೆಲ್ಲ ಬರೆದು ಕೊಟ್ಟಿದ್ದೆ. ನಡತೆ ಪ್ರಮಾಣಪತ್ರದ ಆ ಭಾಷೆಯಿಂದ ಅವರಿಗೆ ಯಾವ ಸಹಾಯವೂ ಆಗಿರಲಾರದು ಎಂಬ ನೋವು ಈಗಲೂ ನನ್ನಲ್ಲಿದೆ. ವಿದ್ಯಾರ್ಥಿ ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆ, ಬರೆದ ಒಂದು ಸೆಮಿನಾರ್ ಪ್ರಬಂಧದ ವಾದ, ತಿದ್ದುಪಡಿ ಹೇಳಿದಾಗ ಅದನ್ನು ಮತ್ತೆ ಬರೆದ ರೀತಿ, ಇಷ್ಟು ಪತ್ರದಲ್ಲಿ ಬಂದರೆ ಅದು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಕನಿಷ್ಠ ಆರು ವಾರ ಮೊದಲೇ ನಿಮ್ಮ ಅಧ್ಯಾಪಕರನ್ನು ಕಂಡು, ಹಳೆಯ ಪ್ರಬಂಧಗಳನ್ನೂ ಉದ್ದೇಶಪತ್ರದ ಕರಡನ್ನೂ ಅವರ ಕೈಗೆ ಕೊಡಿ.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಮೆರಿಕದ ಉನ್ನತ ವ್ಯಾಸಂಗದ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇಯ ಇಂಗ್ಲಿಷ್ ಸಾಹಿತ್ಯದ ವಿಷಯ ಪರೀಕ್ಷೆ 2021ರಲ್ಲಿಯೇ ನಿಂತುಹೋಗಿದೆ, ಸಾಮಾನ್ಯ ಜಿಆರ್‌ಇಯನ್ನೂ ಹಲವು ಇಂಗ್ಲಿಷ್ ವಿಭಾಗಗಳು ಕೈಬಿಟ್ಟಿವೆ. ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಐಇಎಲ್‌ಟಿಎಸ್ ಅಥವಾ ಟೋಫೆಲ್ ಅಂಕಗಳಿಗೆ ಎರಡು ವರ್ಷದ ಆಯುಸ್ಸು. ಅಂಕಪಟ್ಟಿಯ ಶೇಕಡಾವಾರನ್ನು ನೀವೇ ಅಮೆರಿಕದ ಲೆಕ್ಕಕ್ಕೆ ಪರಿವರ್ತಿಸಲು ಹೋಗದೆ, ಇದ್ದಂತೆಯೇ ನಮೂದಿಸಿ. ಟ್ರಾನ್ಸ್‌ಕ್ರಿಪ್ಟ್ ಎಂಬ ಅಧಿಕೃತ ಅಂಕದಾಖಲೆಗಾಗಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗಬೇಕಾದವರು ಕೊನೆಯ ವಾರದವರೆಗೆ ಕಾಯಬಾರದು. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಮೂರು ವರ್ಷದ ಬಿ.ಎ. ಒಂದನ್ನೇ ಒಪ್ಪದ ವಿಶ್ವವಿದ್ಯಾಲಯಗಳು ಅಮೆರಿಕದಲ್ಲಿ ಸಾಕಷ್ಟಿರುವುದರಿಂದ, ನಮ್ಮವರು ಎಂ.ಎ. ಮುಗಿಸಿ ಅರ್ಜಿ ಹಾಕುವುದೇ ಕ್ಷೇಮ.

ಹಣದ ಮಾತನ್ನು ಮನೆಯವರ ಜೊತೆ ಕುಳಿತು ಮೊದಲೇ ಬಿಡಿಸಿಕೊಳ್ಳಬೇಕು. ಒಂದೊಂದು ಅರ್ಜಿಗೆ ಹೆಚ್ಚಿನ ಕಡೆ 75ರಿಂದ 125 ಡಾಲರ್ ಶುಲ್ಕವಿದೆ. ಹತ್ತು ಕಡೆ ಹಾಕಿದರೆ ಲಕ್ಷ ರೂಪಾಯಿಯ ಹತ್ತಿರ ಬರುತ್ತದೆ. ಶುಲ್ಕ ವಿನಾಯಿತಿ ಕೊಡುವ ವಿಭಾಗಗಳಿವೆ, ಕೇಳಲು ನಾಚಬೇಡಿ. ಅಮೆರಿಕದ ಒಳ್ಳೆಯ ಪಿಎಚ್.ಡಿ. ಕಾರ್ಯಕ್ರಮಗಳಲ್ಲಿ ಬೋಧನಾ ಶುಲ್ಕ ಮನ್ನಾ ಆಗಿ, ಪಾಠ ಮಾಡುವ ಕೆಲಸಕ್ಕೆ ಸ್ಟೈಪೆಂಡ್ ಸಿಗುತ್ತದೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ.ಗೆ ಹಾಗಲ್ಲ, ವಿದ್ಯಾರ್ಥಿವೇತನ ಸಿಗದಿದ್ದರೆ ಪೂರ್ತಿ ಖರ್ಚು ನಮ್ಮದೇ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಕನ್ಸಲ್ಟೆನ್ಸಿಯವರ ಮಾತು ಕೇಳಿ ಜಾಗ ಅಡವಿಟ್ಟು ಸಾಲ ಮಾಡಿ ಹೋಗುವ ಮೊದಲು ಎರಡು ಬಾರಿ ಯೋಚಿಸಿ ಎಂದು ನಾನು ಹೆತ್ತವರಿಗೂ ಹೇಳುತ್ತೇನೆ. ಸಾಹಿತ್ಯದ ಎಂ.ಎ.ಯಿಂದ ಆ ಸಾಲ ತೀರಿಸುವ ಸಂಬಳ ಬೇಗ ಬರುವುದಿಲ್ಲ.

ನಮ್ಮ ದೇಶದಲ್ಲಿಯೇ ಓದುವವರಿಗೂ ಇದೇ ಸಿದ್ಧತೆ ಬೇಕಾಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಎಂ.ಎ.ಗೆ ಸಿಯುಇಟಿ ಪಿಜಿ ಪರೀಕ್ಷೆಯ ಮೂಲಕ ಪ್ರವೇಶ ನೀಡುತ್ತವೆ. 2024ರಿಂದ ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಲಾಗುತ್ತಿದೆ, ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಗದೆ ಅರ್ಹರಾದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಆ ಅಂಕ ಒಂದು ವರ್ಷ ಮಾತ್ರ ಊರ್ಜಿತ. ಜೆಆರ್‌ಎಫ್ ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ನೆಟ್ ಪರೀಕ್ಷೆ ಆಯ್ಕೆ ಉತ್ತರಗಳದ್ದಾದ್ದರಿಂದ ಇಸವಿ, ಹೆಸರು ಬಾಯಿಪಾಠ ಮಾಡಿ ದಾಟಬಹುದು. ಸಂದರ್ಶನದ ಕೊಠಡಿಯಲ್ಲಿ ನಿಮ್ಮ ಸಂಶೋಧನೆಯ ಪ್ರಶ್ನೆ ಏನು ಎಂದು ಕೇಳಿದಾಗ ಬಾಯಿಪಾಠ ನೆರವಿಗೆ ಬರುವುದಿಲ್ಲ.

ಅಮೆರಿಕದ ಹೆಚ್ಚಿನ ಗಡುವುಗಳು ಡಿಸೆಂಬರ್ ಮೊದಲ ವಾರದಿಂದ ಜನವರಿ ಮಧ್ಯದವರೆಗೆ ಇರುತ್ತವೆ. ಆಟಿಯಲ್ಲಿ ಲೇಖನವನ್ನು ಹಿಡಿದು ಕುಳಿತರೆ ದಸರಾ ರಜೆಯಲ್ಲಿ ಎರಡನೆಯ ಕರಡು, ದೀಪಾವಳಿಯ ಹೊತ್ತಿಗೆ ಉದ್ದೇಶಪತ್ರ ಎಂಬಂತೆ ಕೆಲಸ ಸಾಗುತ್ತದೆ. ಈಚಿನ ವರ್ಷಗಳಲ್ಲಿ ಕೆಲವು ವಿಭಾಗಗಳು ಸೀಟುಗಳನ್ನು ಇಳಿಸಿವೆ ಅಥವಾ ಒಂದು ವರ್ಷದ ಮಟ್ಟಿಗೆ ಪ್ರವೇಶವನ್ನೇ ನಿಲ್ಲಿಸಿವೆ, ಆದ್ದರಿಂದ ಶುಲ್ಕ ಕಟ್ಟುವ ಮೊದಲು ವಿಭಾಗದ ಪ್ರಕಟಣೆಯನ್ನು ನೋಡಿಕೊಳ್ಳಿ. ಉತ್ತರಗಳು ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬರುತ್ತವೆ. ಉಡುಪಿಯ ಹುಡುಗಿಗೆ ಏಳು ಕಡೆಯಿಂದ ಇಲ್ಲ ಎಂಬ ಉತ್ತರ ಬಂತು, ಎರಡು ಕಡೆಯಿಂದ ಆರ್ಥಿಕ ನೆರವಿನ ಸಮೇತ ಕರೆ ಬಂತು. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ನಿಯಮದಂತೆ ಇಂತಹ ಕರೆಗೆ ಏಪ್ರಿಲ್ 15ರವರೆಗೆ ಉತ್ತರಿಸುವ ಅವಕಾಶವಿರುತ್ತದೆ. ಒಂದನ್ನು ಆರಿಸಿಕೊಂಡ ದಿನವೇ ಇನ್ನೊಂದಕ್ಕೆ ಬರುವುದಿಲ್ಲವೆಂದು ಬರೆದುಬಿಡು ಎಂದು ಆಕೆಗೆ ಹೇಳಿದೆ. ಆ ಜಾಗಕ್ಕಾಗಿ ಕಾಯುವ ಪಟ್ಟಿಯಲ್ಲಿ ಯಾವುದೋ ಊರಿನ ಇನ್ನೊಬ್ಬ ವಿದ್ಯಾರ್ಥಿ ದಿನವೂ ಇಮೇಲ್ ತೆರೆದು ನೋಡುತ್ತಿರುತ್ತಾರೆ.